ನಿಂತ ಜೀಪಿಗೆ ಪಾಸಾದ ಉಸುಕು

ನಮ್ಮ ಓಣಿಯ ಪೈಪ್‌ಲೈನ್ ಕಾಮಗಾರಿಯನ್ನು ಪಾಸು ಮಾಡಿದ ಎಂಜಿನಿಯರ್ ಸಾಹೇಬರೇ,

ಪೈಪಿಗಾಗಿ ತೋಡಿದ ತಗ್ಗು ನಿಮ್ಮದು, ಅದರಿಂದ ಬಿರುಕು ಬಿಟ್ಟ ಗೋಡೆ ನಮ್ಮದು. ಆದರೂ 'ಅಪಾಯಕಾರಿ ಗೋಡೆಯನ್ನು ಏಳು ದಿನದೊಳಗೆ ಕೆಡವತಕ್ಕದ್ದು' ಎಂಬ ನೋಟಿಸು ಬಂದಿರುವುದು ನಮಗೆ. ಎಷ್ಟು ಚಂದದ ನ್ಯಾಯ! ಆ ಗೋಡೆ ಹೋದರೆ ನಮ್ಮ ಚುರುಮುರಿ ಭಟ್ಟಿಯೂ ಹೋಯಿತು, ಐದು ಜನರ ಅನ್ನವೂ ಹೋಯಿತು.

ನೀವು ಮಾಡಿದ ಪರೀಕ್ಷೆಯನ್ನು ಓಣಿಯೆಲ್ಲ ನೋಡಿದೆ. ಗುತ್ತಿಗೆದಾರರು ತಗ್ಗಿಗೆ ಒಣ ಉಸುಕು ಸುರಿದು ಹೋದರು. ನೀರು ಹಾಕಲಿಲ್ಲ, ಕುಟ್ಟಲಿಲ್ಲ. ನೀವು ಅದರ ಮೇಲೆ ಜೀಪು ನಿಲ್ಲಿಸಿ, ನಮ್ಮಲ್ಲೇ ಚುರುಮುರಿ ತಿಂದು, ಅರ್ಧ ತಾಸಿನ ಮೇಲೆ ಬಗ್ಗಿ ನೋಡಿದಿರಿ. ನನ್ನ ಅತ್ತೆ ತಾಜಬಿಗೆ ಸುಮ್ಮನಿರಲಾಗಲಿಲ್ಲ.

"ಸಾಹೇಬ್ರ, ನಿಂತ ಜೀಪಿಗೆ ಏನೂ ಆಗಂಗಿಲ್ರಿ. ಮೆಣಸಿನಕಾಯಿ ಲಾರಿ ಸಾಲಾಗಿ ಓಡಾಡಲಿ, ಆಗ ನೋಡ್ರಿ."

"ಅಮ್ಮಾರ, ಇದು ಟೆಕ್ನಿಕಲ್ ವಿಷಯ ಐತಿ. ನಿಮಗ ತಿಳಿಯಂಗಿಲ್ಲ ಬಿಡ್ರಿ," ಎಂದಿರಿ.

ತಿಳಿಯುವುದಿಲ್ಲವೇ? ನಲವತ್ತು ವರ್ಷ ಬಿಸಿ ಉಸುಕಿನಲ್ಲಿ ಅಕ್ಕಿ ಅರಳಿಸಿದ ಕೈ ಅದು! ಅತ್ತೆ ಒಂದು ಸೇರಿನ ತುಂಬ ಉಸುಕು ಸುರಿದು ನಿಮ್ಮ ಮುಂದಿಟ್ಟರು. ಮೇಲೆ ತೂಕದ ಕಲ್ಲಿಟ್ಟರು, ಜಗ್ಗಲಿಲ್ಲ. ಸೇರನ್ನು ನಾಲ್ಕು ಸಲ ನೆಲಕ್ಕೆ ಕುಕ್ಕಿದರು. ಎರಡು ಬೆರಳು ಇಳಿಯಿತು. ಸಂತೆಯಲ್ಲಿ 'ಕುಕ್ಕಿ ಅಳೆಯಪ್ಪಾ' ಎನ್ನದ ಹೆಂಗಸು ಬ್ಯಾಡಗಿಯಲ್ಲಿ ಇದ್ದಾಳೆಯೇ? ಕಾಳಿನ ಗುಣವೇ ಉಸುಕಿನದು: ಸಡಿಲಾಗಿ ಬಿದ್ದದ್ದು ಸುಮ್ಮನೆ ಹೇರಿದರೆ ಹೊರುತ್ತದೆ, ಅದುರಿಸಿದರೆ ಕುಸಿಯುತ್ತದೆ. ನೀವು ನಕ್ಕು ಸಹಿ ಹಾಕಿ ಹೋದಿರಿ.

ಆಮೇಲೆ ಮೆಣಸಿನಕಾಯಿ ಸೀಜನ್ನು ಬಂತು. ಲಾರಿಗಳು ಓಡಾಡಿದಂತೆಲ್ಲ ತಗ್ಗಿನ ಉಸುಕು ಒಂದು ಗೇಣು ಇಳಿಯಿತು. ಬದಿಯ ಒತ್ತಾಸೆ ತಪ್ಪಿ ನಮ್ಮ ಗೋಡೆಯಡಿಯ ಮಣ್ಣು ಅತ್ತ ಜಾರಿತು. ಈಗ ಬಿರುಕಿನೊಳಗೆ ನನ್ನ ಕೈ ಹೋಗುತ್ತದೆ. ಖರೇ ಹೇಳುತ್ತೇನೆ ಸಾಹೇಬರೇ, ನನಗೆ ಹೆದರಿಕೆಯಾಗಿದೆ. ಅತ್ತೆ ಅದೇ ಗೋಡೆಗೆ ಬೆನ್ನು ಕೊಟ್ಟು ಕುಳಿತುಬಿಟ್ಟಿದ್ದಾರೆ. ಏಳಿ ಎಂದರೆ, "ನಾ ಎದ್ರ ಅವರು ಕೆಡವ್ತಾರ," ಎನ್ನುತ್ತಾರೆ.

ಆದ್ದರಿಂದ ನೋಟಿಸನ್ನು ಹಿಂದಕ್ಕೆ ಪಡೆಯಿರಿ. ತಗ್ಗನ್ನು ಮತ್ತೆ ತೆಗೆಸಿ, ಮೊದಲು ಗೋಡೆಗೆ ಆಸರೆ ಕೊಡಿಸಿ, ಉಸುಕನ್ನು ಪದರ ಪದರವಾಗಿ ಹಾಕಿ, ನೀರುಣಿಸಿ ಕುಟ್ಟಿಸಿ. ಇಲ್ಲ, ಕೆಡವುವುದೇ ಸರಿ ಎನ್ನುವುದಾದರೆ ನೀವೇ ಬಂದು ಅತ್ತೆಗೆ ನೋಟಿಸು ಓದಿ ಹೇಳಿ. ಅವರಿಗೆ ಕಿವಿ ತುಸು ಮಂದ. ಲಾರಿ ಹೋಗುವಾಗಂತೂ ಏನೂ ಕೇಳಿಸುವುದಿಲ್ಲ. ಪಕ್ಕದಲ್ಲೇ, ಗೋಡೆಗೆ ಆತು ಕುಳಿತು ಓದಬೇಕಾಗುತ್ತದೆ. ಸರಿದು ಜಾಗ ಮಾಡಿಕೊಡುತ್ತಾರಂತೆ.

ಇಂತಿ, ಇವತ್ತಿನ ಮಟ್ಟಿಗೆ ಗೋಡೆಯಿರುವ,
ಜೈತೂನಬಿ
ಚುರುಮುರಿ ಭಟ್ಟಿ, ಬ್ಯಾಡಗಿ