ನಾನು ಬಿಟ್ಟಿದ್ದ ಐದನೇ ಚೌಕ

ಭಾನುವಾರ, ಬೆಳಗ್ಗೆ
ಹಾಸ್ಟೆಲ್, ಹದಿನಾಲ್ಕನೇ ರೂಮು

ನನ್ನ ಅಮ್ಮಾ,

ಫೋನ್ ಇದ್ದೂ ಕಾಗದ ಯಾಕೆ ಅಂತ ಗಾಬರಿ ಬೀಳಬೇಡ, ಚೆನ್ನಾಗಿದ್ದೀನಿ. ಫೋನಿನಲ್ಲಾದರೆ ನಾನು ಮಧ್ಯದಲ್ಲೇ ಅತ್ತುಬಿಡ್ತೀನಿ, ನೀನು ಊಟ ಆಯ್ತಾ ಅಂತ ಮಾತು ತಿರುಗಿಸ್ತೀಯ. ನಿನ್ನ ಕಣ್ಣಿಗೆ ಅಂತ ಅಕ್ಷರ ದಪ್ಪ ಮಾಡಿದ್ದೀನಿ. ಕಾಗುಣಿತ ತಪ್ಪಿದ್ದರೆ ಬೈಯೋ ಹಾಗಿಲ್ಲ, ಆರನೇ ವಯಸ್ಸಿಗೇ ಇಂಗ್ಲಿಷ್ ಸ್ಕೂಲಿನ ಹಾಸ್ಟೆಲಿಗೆ ಹಾಕಿದವಳು ನೀನೇ.

ಏನು ಓದ್ತಿದ್ದೀಯ ಅಂತ ನೀನು ಕೇಳಿದಾಗೆಲ್ಲ ಲೈಬ್ರರಿ ವಿಷಯ ಅಂತ ಹಾರಿಸ್ತಿದ್ದೆ. ಈಗ ಸರಿಯಾಗಿ ಕೇಳು. ಜನಕ್ಕೆ ಏನಾದರೂ ತಿಳಿಯಬೇಕಾದಾಗ ಎಲ್ಲಿ ಹುಡುಕ್ತಾರೆ, ಯಾರನ್ನ ಕೇಳ್ತಾರೆ, ತಿಳಿದ ಮೇಲೆ ಏನು ಮಾಡ್ತಾರೆ, ಇದನ್ನೆಲ್ಲ ಕಂಡುಹಿಡಿಯೋದು ಹೇಗೆ ಅನ್ನೋದೇ ನಮಗೊಂದು ಪೇಪರ್. ಇದಕ್ಕೂ ಒಂದು ಓದಾ ಅಂತ ನಗಬೇಡ. ಮೊದಲು ನಾನೂ ನಕ್ಕಿದ್ದೆ.

ಇಲ್ಲಿನ ದೊಡ್ಡಾಸ್ಪತ್ರೆಗೆ ನನ್ನನ್ನ ಕಳಿಸಿದರು. ಒಳಗೆ ಬಂದವರು ತಮ್ಮ ದಾರಿ ಹೇಗೆ ತಿಳ್ಕೊಳ್ತಾರೆ ಅಂತ ನೋಡಬೇಕಿತ್ತು. ಪ್ರಶ್ನೆಪಟ್ಟಿ ಮಾಡಿದೆ. ದಾರಿ ಎಲ್ಲಿಂದ ತಿಳ್ಕೊಳ್ತೀರಿ? ನಾಲ್ಕು ಚೌಕ: ಬೋರ್ಡು, ವಿಚಾರಣೆ ಕೌಂಟರು, ನರ್ಸು, ಫೋನು. ಅರವತ್ತು ಜನ ತುಂಬಿದರು. ಹೆಚ್ಚಿನವರು ಬೋರ್ಡಿಗೂ ಕೌಂಟರಿಗೂ ಟಿಕ್ ಹಾಕಿದ್ದರು. ಬಣ್ಣದ ಚಾರ್ಟ್ ಬರೆದು, ಆ ಪೇಪರ್ ಪಾಠ ಮಾಡೋ ಮೇಡಮ್‌ಗೆ ಕೊಟ್ಟೆ. ಅವರು, ಜನ ಏನು ಹೇಳ್ತಾರೆ ಅನ್ನೋದನ್ನ ತಂದಿದ್ದೀಯ, ಏನು ಮಾಡ್ತಾರೆ ಅನ್ನೋದನ್ನ ತಂದಿಲ್ಲ, ಬಾಯಿಗೆ ಬೀಗ ಹಾಕ್ಕೊಂಡು ಎರಡು ದಿನ ಅಲ್ಲೇ ಬೆಂಚಿನ ಮೇಲೆ ಕೂತು ಬಾ ಅಂದರು. ಮೊದಲ ಸೆಮಿಸ್ಟರೇ ಫೇಲು ಅಂತ ರೂಮಿಗೆ ಬಂದು ಗೊಳೋ ಅಂತ ಅತ್ತೆ. ಶುರುವಾಯ್ತು ಇವಳ ಪಿಟೀಲು ಅಂತ ನೀನು ಅನ್ನೋದು ಇಲ್ಲಿಗೇ ಕೇಳಿಸ್ತು.

ಹೋಗಿ ಕೂತೆ. ಜನ ಬೋರ್ಡು ನೋಡೋದೇನೋ ನಿಜ. ಕತ್ತೆತ್ತಿ ನೋಡಿ, ಅರ್ಥವಾಗದೆ ಕೌಂಟರಿಗೆ ಹೋಗ್ತಾರೆ. ಗಾಜಿನ ಹಿಂದಿನವನು ಯಾವ ವಿಭಾಗ ಅಂತ ಅವರನ್ನೇ ಕೇಳ್ತಾನೆ. ಅದು ಗೊತ್ತಿದ್ದರೆ ಅವನ ಹತ್ತಿರ ಯಾಕೆ ಬರ್ತಿದ್ದರು? ಪೆಚ್ಚಾಗಿ ಈಚೆ ಬಂದು, ನೆಲ ಒರೆಸೋ ಹೆಂಗಸಿನ ಪಕ್ಕ ನಿಲ್ತಾರೆ. ಅಕ್ಕಾ, ಇವರಿಗೆ ಒಂದಕ್ಕೆ ಹೋದರೆ ಉರಿ, ಎಲ್ಲಿ ತೋರಿಸೋದು ಅಂತ ಮೆಲ್ಲಗೆ ಕೇಳ್ತಾರೆ. ಆಕೆ ಕೋಲು ಗೋಡೆಗೆ ಒರಗಿಸಿ, ನಾಲ್ಕು ಹೆಜ್ಜೆ ಜೊತೆಗೇ ಹೋಗಿ, ಆ ಮುರಿದ ಕುರ್ಚಿ ದಾಟಿ ಎರಡನೇ ಬಾಗಿಲು, ಮೊದಲು ಚೀಟಿ ಕೊಡಿ, ಆಮೇಲೆ ಕೂತ್ಕೊಳ್ಳಿ ಅಂತಾಳೆ. ಒದ್ದೆ ನೆಲ ತುಳಿದವರಿಗೆ, ನಿಮ್ಮನೇಲೂ ಹೀಗೇ ಕುಣೀತೀರಾ ಅಂತ ಮಂಗಳಾರತಿ ಬೇರೆ. ಒಂದು ಬೆಳಗ್ಗೆ ಆಕೆಯನ್ನ ಕೇಳಿದವರು ನಲವತ್ತೊಂದು ಜನ. ಕೌಂಟರಿನಲ್ಲಿ ಉತ್ತರ ಸಿಕ್ಕಿದ್ದು ಒಂಬತ್ತು ಜನಕ್ಕೆ.

ಅಮ್ಮಾ, ಆಕೆಗೆ ನನ್ನ ಪಟ್ಟಿಯಲ್ಲಿ ಚೌಕವೇ ಇರಲಿಲ್ಲ. ಬೇರೆ ಯಾರಾದರೂ ಮರೆತಿದ್ದರೆ ಸರಿ. ಹದಿನೈದು ವರ್ಷ ಆಸ್ಪತ್ರೆ ನೆಲ ಒರೆಸಿ ಓದಿಸಿದವಳ ಮಗಳು ಮರೆತದ್ದು! ಮರೆವೂ ಅಲ್ಲ ಅದು. ಸ್ಕೂಲಿನಲ್ಲಿ, ಅಮ್ಮನಿಗೆ ಆಸ್ಪತ್ರೆಯಲ್ಲಿ ಕೆಲಸ ಅಂತಷ್ಟೇ ಹೇಳ್ತಿದ್ದೆ. ಎಲ್ಲರೂ ನರ್ಸು ಅಂದುಕೊಂಡರು, ನಾನು ಸುಮ್ಮನಿದ್ದೆ. ಸುಮ್ಮನಿದ್ದು ಸುಮ್ಮನಿದ್ದು ಅದೇ ರೂಢಿಯಾಗಿಬಿಡ್ತು.

ಶುಕ್ರವಾರ ಇದನ್ನೆಲ್ಲ ಕ್ಲಾಸಿನ ಮುಂದೆ ಹೇಳಿದೆ. ಎಲ್ಲ ಬಿಟ್ಟು ಆಕೆಯನ್ನೇ ಎಣಿಸಬೇಕು ಅಂತ ಹೇಗೆ ಹೊಳೀತು ಅಂತ ಮೇಡಮ್ ಕೇಳಿದರು. ನಮ್ಮಮ್ಮನದೂ ಅದೇ ಕೆಲಸ, ರಜೆಯಲ್ಲಿ ಅವಳ ಬಕೆಟ್ ಪಕ್ಕ ಕೂತು ಜನ ಅವಳನ್ನ ಕೇಳೋದು ನೋಡ್ಕೊಂಡೇ ಬೆಳೆದೆ ಅಂದೆ. ಹಿಂದಿನ ಬೆಂಚಿನ ತರಲೆಯೊಬ್ಬ, ಹಾಗಾದರೆ ನಿಮ್ಮಮ್ಮನೇ ಬಂದು ಪಾಠ ಮಾಡಲಿ ಅಂದ. ಲೇವಡಿಗೆ ಅಂದದ್ದು. ಮೇಡಮ್ ಮಾತ್ರ, ಒಳ್ಳೇ ಮಾತು, ಬರ್ತಾರಾ ಕೇಳು ಅಂದುಬಿಟ್ಟರು.

ಅದಕ್ಕೇ ಈ ಕಾಗದ. ಮುಂದಿನ ತಿಂಗಳು ಒಂದು ದಿನ ರಜೆ ಹಾಕಿ ಬಾ. ಜನ ಏನು ಕೇಳ್ತಾರೆ, ನಾಚಿಕೊಂಡು ಏನನ್ನ ಕೇಳದೇ ಹೋಗ್ತಾರೆ, ಅಷ್ಟು ಹೇಳು ಸಾಕು. ಸ್ಕೂಲಿಗೆ ಬರುವಾಗ ಕೆಲಸದ ಯೂನಿಫಾರ್ಮ್ ಬದಲಾಯಿಸಿಕೊಂಡು ಬಾ ಅಂತಿದ್ದೆನಲ್ಲ, ಅದನ್ನ ಮರೆತುಬಿಡು. ಗೇಟಿನ ಹತ್ತಿರ ನಾನೇ ನಿಂತಿರ್ತೀನಿ. ಹೊಸ ಪ್ರಶ್ನೆಪಟ್ಟಿ ಇದರ ಜೊತೆ ಇದೆ, ಐದನೇ ಚೌಕ ನೋಡು.

ಹೆಮ್ಮೆಯಿಂದ, ನಿನ್ನ
ಪಿಟೀಲು

ತಾ.ಕ.: ಒಂದನ್ನ ಮುಚ್ಚಿಟ್ಟಿದ್ದೆ. ಮೇಡಮ್ ಕೇಳಿದಾಗ ಮೊದಲು, ಸುಮ್ಮನೆ ಹೊಳೀತು ಅಂದು ಕೂತುಬಿಟ್ಟೆ. ಮುಂದಿನವನನ್ನ ಕರೆದಾಗಿತ್ತು, ಅವನು ಅರ್ಧ ದಾರಿ ಬಂದೂ ಆಗಿತ್ತು. ಆಗ ಮತ್ತೆ ಎದ್ದು, ಮೇಡಮ್, ಈಗ ಹೇಳಿದ್ದು ಸುಳ್ಳು ಅಂದೆ. ಹಿಂದಿನ ಬೆಂಚಿಗೂ ಕೇಳಿಸೋ ಹಾಗೆ ಅಂದೆ ಅಮ್ಮಾ.