ಮುಖ ಒಂದರಲ್ಲಿ, ದನಿ ಇನ್ನೊಂದರಲ್ಲಿ

ಸುಂದರಾ, ನಾಟಕದ ಡೇರೆಯನ್ನೇ ನಡುಗಿಸುತ್ತಿದ್ದ ನನ್ನ ಗಂಟಲು ಸತ್ತ ಹೆಂಡತಿಯ ತನಕ ಮುಟ್ಟುವುದಿಲ್ಲವಲ್ಲ! ಅದಕ್ಕೇ ಬರೆಯುತ್ತಿದ್ದೇನೆ.

ಅಣ್ಣನ ಮಗಳು ಕೋಮಲ, ನೀನಿದ್ದಾಗ ನಿನ್ನನ್ನಿಟ್ಟು ತೆಗೆದ ಎರಡೂ ಕಿರುಚಿತ್ರಗಳನ್ನು ಇಂದು ರಾಯಬಾಗದ ಕಾಲೇಜಿನಲ್ಲಿ ತೋರಿಸಿದಳು. ಮೊದಲನೆಯದರಲ್ಲಿ, ಆಹಾ, ಒಲೆಯ ಬೆಳಕು! ಕ್ಯಾಮೆರಾ ನಿನ್ನ ಮೂಗುತಿಯ ಹತ್ತಿರವೇ ಕೂತಿತ್ತು. ಆದರೆ ನಿನ್ನ ಮಾತು ಅಳಿಸಿ ಪಿಟೀಲು ತುಂಬಿದ್ದಾಳೆ. ಎರಡನೆಯದರಲ್ಲಿ ಪಿಟೀಲೂ ಇಲ್ಲ, ಬೆಳಕೂ ಇಲ್ಲ. ಕ್ಯಾಮೆರಾ ಹೊಸ್ತಿಲ ಹೊರಗೇ ನಿಂತಿದೆ. ಕತ್ತಲೊಳಗಿಂದ ನಿನ್ನ ದನಿಯಷ್ಟೇ.

“ಈ ದನಿ ಆ ಮುಖಕ್ಕ ಹಚ್ಚವ್ವಾ,” ಎಂದೆ.

“ತುಟಿ ಕೂಡೂದಿಲ್ರಿ ಕಾಕಾ,” ಎಂದಳು.

ಎರಡನೆಯದನ್ನು ಇನ್ನೊಮ್ಮೆ ಹಾಕಿಸಿದೆ.

“ಊಟಕ್ಕ ಬರ್ರಿ, ರೊಟ್ಟಿ ಆರಾಕತ್ತಾವ,” ಎಂದು ಕರೆದೆ ನೀನು.

“ಬಂದ್ನಿ!” ಎಂದೆ, ಹಿಂದಿನ ಸಾಲಿಗೂ ಮುಟ್ಟುವ ಹಾಗೆ. ಹುಡುಗರು ನಕ್ಕರು.

ಚಿತ್ರದಲ್ಲಿ ಯಾರೂ ಓಗೊಡಲಿಲ್ಲ. ನೀನು ಸ್ವಲ್ಪ ಕಾದು, ಮತ್ತೆ ಕರೆದೆ.