ಕಣಜದ ಹಿಂದಿನ ದಾರಿ

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ಪುಟ್ಟಿಯ ನಮಸ್ಕಾರ. ನಿನ್ನ ಮೂರೂ ಕಾಗದಗಳು ತಲುಪಿದವು. ಆರು ವರ್ಷದಿಂದ ಒಮ್ಮೆಯೂ ಬಂದಿಲ್ಲ, ಗಂಡ ಕಟ್ಟಿಹಾಕಿದ್ದಾನೋ ಹೇಗೆ ಎಂದು ತಮಾಷೆ ಮಾಡಿದ್ದೀಯ. ಹಾಗೇನಿಲ್ಲ. ನನ್ನದೂ ಜೈಲಿನ ವಾರ್ಡರ್ ಕೆಲಸ, ರಜೆ ಸಿಗುವುದು ಕಷ್ಟ, ಅಷ್ಟೆ. ನಮ್ಮ ಕ್ವಾರ್ಟರ್ಸೂ ಕೋಟೆಯೊಳಗೇ ಇದೆ. ತರಕಾರಿಯನ್ನು ಇವರೇ ತಂದುಹಾಕುತ್ತಾರೆ. ಗೇಟಿನ ಹೆಡ್ ವಾರ್ಡರ್ ಇವರೇ ಆದ್ದರಿಂದ ಯಾರು ಯಾವಾಗ ಹೊರಗೆ ಹೋದರೆಂದು ಬರೆಯುವ ಪುಸ್ತಕವೂ ಇವರ ಕೈಯಲ್ಲೇ.

ಮೊನ್ನೆ ನಡೆದದ್ದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಕೋಟೆಯ ಮೂಲೆಯಲ್ಲಿ ಹಳೆಯ ಕಣಜವಿದೆ. ಮುತ್ತಿಗೆ ಬಿದ್ದಾಗ ದವಸ ಬೇಕಲ್ಲ ಎಂದು ಯಾವನೋ ದೊರೆ ಕಟ್ಟಿಸಿದ್ದು. ಅವನನ್ನು ಸೋಲಿಸಿದವರು ಅದರಲ್ಲಿ ಮದ್ದುಗುಂಡು ತುಂಬಿದರು. ಅವರ ನಂತರದವರು ಕೋಟೆಯನ್ನೇ ಜೈಲು ಮಾಡಿ, ಹಟಮಾರಿ ಕೈದಿಗಳನ್ನು ಅಲ್ಲಿ ಕೂಡಿಹಾಕುತ್ತಿದ್ದರಂತೆ. ಆಗಿನ ಕಬ್ಬಿಣದ ಬಳೆಗಳು ಗೋಡೆಯಲ್ಲಿ ಇನ್ನೂ ಇವೆ. ನಾವು ಅವಕ್ಕೆ ಹಗ್ಗ ಕಟ್ಟಿ ಕಂಬಳಿ ಹರವುತ್ತೇವೆ. ಈಗ ಅದು ಕಂಬಳಿ ಉಗ್ರಾಣ.

ಭಾನುವಾರ ಬೆಳಿಗ್ಗೆ ಹರಿದ ಕಂಬಳಿ ಆರಿಸಲು ದರ್ಜಿಯಮ್ಮನನ್ನು ಕರೆದುಕೊಂಡು ಹೋದೆ. ಹೊಲಿಗೆ ಕೋಣೆ ನೋಡಿಕೊಳ್ಳುವ ಕೈದಿ. ಅರವತ್ತು ದಾಟಿದೆ, ಬಂದು ಹದಿನಾಲ್ಕು ವರ್ಷ. ಗಂಡನನ್ನು ಕೊಂದವಳು ಎನ್ನುತ್ತಾರೆ, ನಾನು ಕೇಳಿಲ್ಲ. ನಾವು ಒಳಗಿದ್ದಾಗ ಹೊರಗೆ ಬಾಗಿಲ ಮೇಲಿನ ಕಲ್ಲೊಂದು ಕುಸಿದು ಅಡ್ಡ ಬಿತ್ತು. ಕೂಗಿದೆವು, ಬಡಿದೆವು. ಅಷ್ಟು ದಪ್ಪ ಗೋಡೆ, ಯಾರಿಗೆ ಕೇಳಬೇಕು? ಎರಡು ಗಂಟೆ ಕಳೆಯಿತು. ನನಗೆ ಉಸಿರು ಕಟ್ಟತೊಡಗಿತು. ಅವಳು ನನ್ನ ಬೆನ್ನು ನೀವುತ್ತ ಕೂತಿದ್ದಳು. ಕೊನೆಗೆ ಎದ್ದು, ಮೂಲೆಯ ಕಂಬಳಿ ರಾಶಿ ಸರಿಸಿ, ಒಂದು ಚಪ್ಪಡಿ ಎಬ್ಬಿಸಿದಳು.

"ಹಳೇ ಮೋರಿ, ಮೇಡಮ್ಮ. ಮುತ್ತಿಗೆ ಬಿದ್ದಾಗ ಮಕ್ಕಳನ್ನ ಇದರಲ್ಲೇ ದಾಟಿಸಿದ್ರಂತೆ. ಬಗ್ಗಿ ಬನ್ನಿ."

ಕೆಸರಿನಲ್ಲಿ ತೆವಳಿಕೊಂಡು ಒಣಗಿದ ಕಂದಕಕ್ಕೆ ಬಂದೆವು. ಹತ್ತಿ ನಿಂತರೆ ಬಿಸಿಲು, ರಸ್ತೆ, ಬಸ್ಸು, ಸೈಕಲ್ ತುಳಿಯುವ ಜನ. ಯಾರೂ ನಮ್ಮತ್ತ ತಿರುಗಲಿಲ್ಲ.

ಈ ದಾರಿ ಯಾವಾಗಿನಿಂದ ಗೊತ್ತು ಎಂದು ಕೇಳಿದೆ. ಒಂಬತ್ತು ವರ್ಷದಿಂದ ಎಂದಳು. ಒಬ್ಬಳು ಮುದಿ ಕೈದಿ ಸಾಯುವ ಮುಂಚೆ ತೋರಿಸಿದ್ದಳಂತೆ. ಮತ್ತೆ ಯಾಕೆ ಹೋಗಲಿಲ್ಲ ಎಂದೆ.

"ವರ್ಷಕ್ಕೆರಡು ಸಲ ಮಗಳು ನೋಡೋಕೆ ಬರ್ತಾಳೆ. ನಾನು ಓಡಿಹೋದ್ರೆ ಅವಳು ಎಲ್ಲಿಗೆ ಬರಬೇಕು?"

ಆಮೇಲೆ ತಲೆಯೆತ್ತಿ ಕೋಟೆಯನ್ನು ನೋಡಿದಳು. ಮುಚ್ಚಿದ ವ್ಯಾನಿನಲ್ಲಿ ಬಂದವಳು, ಹೊರಗಿನಿಂದ ಅದನ್ನು ಕಂಡೇ ಇರಲಿಲ್ಲ. ಇಷ್ಟೇನಾ ಎಂದಳು. ಮುಂಬಾಗಿಲು ಯಾವ ಕಡೆ ಎಂದು ಕೇಳಿದಳು. ನಾನು ಅವಳ ಕೈ ಹಿಡಿದು ಗೋಡೆಯ ಬದಿಯಲ್ಲೇ ನಡೆಸಿಕೊಂಡು ಬಂದು ಗೇಟು ತಟ್ಟಿದೆ. ಇವರೇ ತೆರೆದರು. ಮೈತುಂಬ ಕೆಸರಾದ ಹೆಂಡತಿ, ಪಕ್ಕದಲ್ಲಿ ಕೈದಿ. ಇವರು ಮೊದಲು ಗೇಟಿನ ಪುಸ್ತಕ ತೆರೆದು ನೋಡಿದರು.

ನಡೆದದ್ದನ್ನು ಬರೆದುಕೊಡಲು ಸೂಪರಿಂಟೆಂಡೆಂಟರು ಹೇಳಿದರು. ದರ್ಜಿಯಮ್ಮನಿಗೆ ದಾರಿ ಮೊದಲೇ ಗೊತ್ತಿತ್ತೆಂದರೆ ಅವಳ ಬಿಡುಗಡೆಯ ಅರ್ಜಿ ಮೂಲೆಗೆ ಬೀಳುತ್ತದೆ. ಚಪ್ಪಡಿ ನನ್ನ ಕಣ್ಣಿಗೇ ಬಿತ್ತು ಎಂದು ಬರೆದು ಸಹಿ ಹಾಕಿದೆ. ಎಲ್ಲರೆದುರು ನನಗೆ ಶಹಭಾಸ್ ಸಿಕ್ಕಿತು. ಇವತ್ತು ಬೆಳಿಗ್ಗೆ ಮೋರಿಗೆ ಸಿಮೆಂಟು ಸುರಿದರು. ನಾನು ಪಕ್ಕದಲ್ಲಿ ನಿಂತು ನೋಡಬೇಕಾಯಿತು.

ಭಾವನಿಗೆ ನಮಸ್ಕಾರ ತಿಳಿಸು. ರಜೆ ಸಿಕ್ಕರೆ ಬರುತ್ತೇನೆ.

ನಿನ್ನ ತಂಗಿ,
ಪುಟ್ಟಿ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ, ನಾಚಿಕೆಯಿಂದ. ಕೈ ಹಿಡಿದವಳು ನಾನಲ್ಲ, ಅವಳು. ಬಸ್ಸು ನಿಂತಿತ್ತು; ನಾನು ಅದರ ಕಡೆ ಹೊರಟೇಬಿಟ್ಟಿದ್ದೆ. ಅವಳು ಹಿಡಿದು ನಿಲ್ಲಿಸಿ, "ಹೀಗೆ ಹೋದ್ರೆ ಹುಡುಕಿ ಎಳ್ಕೊಂಡು ಬರ್ತಾರೆ ಮಗಳೇ. ಗೇಟಿಂದ ಹೋಗು, ಹೇಳಿ ಹೋಗು" ಎಂದಳು. ಎರಡು ದಿನದಿಂದ ಹೇಳಲು ಪ್ರಯತ್ನಿಸುತ್ತಿದ್ದೇನೆ, ಇವರ ಮುಖ ಕಂಡರೆ ಬಾಯಿ ಕಟ್ಟುತ್ತದೆ. ಇವತ್ತು ದರ್ಜಿಯಮ್ಮನ ಮಗಳು ಬಂದಿದ್ದಾಳೆ, ಕಾಗದವನ್ನು ಅಂಚೆಗೆ ಅವಳೇ ಹಾಕುತ್ತಾಳೆ. ಉತ್ತರ ಬರೆಯಬೇಡ, ನನಗೆ ಬಂದದ್ದನ್ನೆಲ್ಲ ಇವರೇ ಮೊದಲು ಒಡೆದು ಓದುವುದು. ನೀನೇ ಬಾ ಅಕ್ಕ. ಗೇಟಿನ ಮುಂದೆ ನಿಂತು, ತಂಗಿಯನ್ನು ಕರೆದುಕೊಂಡು ಹೋಗಲು ಬಂದಿದ್ದೇನೆ ಎಂದು ಎಲ್ಲರಿಗೂ ಕೇಳುವಂತೆ ಹೇಳು.